ಎಳ್ಳುಬೆಲ್ಲ

ಎಳ್ಳುಬೆಲ್ಲ: ಮಕರ ಸಂಕ್ರಾಂತಿಯ ದಿನ ಕನ್ನಡಿಗರು, ವಿಶೇಷವಾಗಿ ಹಳೆಯ ಮೈಸೂರು ಸೀಮೆಯವರೂ ಅದಕ್ಕೆ ಹೊಂದಿದ ಗಡಿನಾಡಿನವರೂ, ಮನೆಮನೆಗೆ ಬೀರುವ ಸಿಹಿ. ಸಿಪ್ಪೆ ಕಳೆದ ಬಿಳಿಯ ಎಳ್ಳು, ಸಣ್ಣ ಚೌಕಗಳಾಗಿ ಕತ್ತರಿಸಿ ಒಣಗಿಸಿದ ಬೆಲ್ಲ, ಅದೇ ಅಳತೆಯ ಕೊಬ್ಬರಿಯ ಚೂರು, ಹುರಿದು ಹೊಟ್ಟು ತೂರಿದ ಕಡಲೆಕಾಯಿಬೀಜ, ಹುರಿಗಡಲೆ ಎಂಬ ಐದು ಪದಾರ್ಥಗಳು ಇದರಲ್ಲಿ ಸೇರುತ್ತವೆ. ಇವು ಕೂಡಿ ಬೇಯುವುದಿಲ್ಲ, ಪಾಕದಲ್ಲಿ ಒಂದಾಗುವುದೂ ಇಲ್ಲ. ಒಂದರ ಪಕ್ಕದಲ್ಲಿ ಒಂದು ಬಿಡಿಬಿಡಿಯಾಗಿಯೇ ಉಳಿದು, ತಿನ್ನುವವನ ಬಾಯಿಯಲ್ಲಿ ಮಾತ್ರವೇ ಬೆರೆಯುವುವಾದುದರಿಂದ, ಪಾಕಶಾಸ್ತ್ರದ ಕಟ್ಟುನಿಟ್ಟಿನ ಅರ್ಥದಲ್ಲಿ ಇದನ್ನು ಅಡುಗೆಯೆಂದು ಕರೆಯುವುದೇ ಕಷ್ಟ. ಆದರೂ ಹೋಳಿಗೆ ಪಾಯಸಗಳಿಗೆ ಇಲ್ಲದ ಒಂದು ಗೌರವ ಇದಕ್ಕುಂಟು. ಹೋಳಿಗೆಯನ್ನು ಮನೆಯವರೇ ತಿಂದು ಮುಗಿಸಿದರೂ ಹಬ್ಬಕ್ಕೆ ಊನವಿಲ್ಲ, ಎಳ್ಳುಬೆಲ್ಲವನ್ನು ಮಾತ್ರ ಹೊಸಲು ದಾಟಿಸಿ ಇನ್ನೊಬ್ಬರ ಕೈಗೆ ಕೊಡದ ಹೊರತು ಸಂಕ್ರಾಂತಿ ಆಯಿತೆಂದು ಯಾರೂ ಹೇಳರು.

ಬೆಂಗಳೂರಿನಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ, ಅತ್ತಿಬೆಲೆಯ ಗಡಿಯನ್ನು ದಾಟಿದೊಡನೆ ಸಿಕ್ಕುವ ತಮಿಳುನಾಡಿನ ಹೊಸೂರು ಸೀಮೆಯು ಈ ಆಚಾರವನ್ನು ನೋಡುವುದಕ್ಕೆ ಬಹಳ ತಕ್ಕ ಎಡೆ. ಹೆಸರೇ ಹೇಳುವಂತೆ ಕನ್ನಡದ ಹೊಸ ಊರಾದ ಇದು 1799ರಲ್ಲಿ ಟಿಪ್ಪುವಿನ ಪತನಾನಂತರ ಇಂಗ್ಲಿಷ್ ಕಂಪನಿಯ ಪಾಲಾಗಿ, ಸೇಲಂ ಜಿಲ್ಲೆಗೆ ಸೇರಿ, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದರಾಸು ರಾಜ್ಯದಲ್ಲಿಯೇ ಉಳಿದು, 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸಂದಿತು; ಕಚೇರಿಯ ಕಡತಗಳಲ್ಲಿ ಇಷ್ಟು ಸಲ ಮನೆ ಬದಲಾಯಿಸಿದರೂ, ಕನ್ನಡ ತೆಲುಗು ತಮಿಳುಗಳನ್ನು ಒಂದೇ ಬೀದಿಯಲ್ಲಿ ಆಡುವ ಅದರ ಅಭ್ಯಾಸ ಬದಲಾಗಲಿಲ್ಲ. ತಳಿ, ದೇನ್ಕನಿಕೋಟೆ, ಬಾಗಲೂರು, ಬೇರಿಕೆಗಳ ಕಡೆಯ ಹಳ್ಳಿಗಳಲ್ಲಿ ಕನ್ನಡದ ಮನೆಗಳು ಇಂದಿಗೂ ಇವೆ. ಹೆದ್ದಾರಿಯ ಮಗ್ಗುಲ ಮೂಕಂಡಪಲ್ಲಿಯಾದರೋ, ಒಂದು ಕಾಲಕ್ಕೆ ಬೇರೆಯೇ ಪಂಚಾಯಿತಿಯಾಗಿದ್ದು, ಎಪ್ಪತ್ತರ ದಶಕದಿಂದೀಚೆಗೆ ಸಿಪ್ಕಾಟ್ ಕೈಗಾರಿಕಾ ವಸಾಹತು ಬೆಳೆದಂತೆಲ್ಲ ಹೊಲಗಳನ್ನು ಶೆಡ್ಡುಗಳಿಗೆ ಬಿಟ್ಟುಕೊಟ್ಟು, ಈಗ ಹೊಸೂರು ಮಹಾನಗರಪಾಲಿಕೆಯ ಒಂದು ಭಾಗವಾಗಿದೆ. ಇಂಥ ಊರಿನಲ್ಲಿ ಜನವರಿ 14 ಅಥವಾ 15ರಂದು ಒಂದು ಮನೆಯ ಅಂಗಳದಲ್ಲಿ ಪೊಂಗಲಿನ ಮಡಕೆ ಉಕ್ಕುತ್ತಿರುವಾಗ ಪಕ್ಕದ ಮನೆಯಿಂದ ಎಳ್ಳಿನ ತಟ್ಟೆ ಬಂದು ನಿಲ್ಲುವುದು ಅಪರೂಪವೇನೂ ಅಲ್ಲ.

ಹಬ್ಬದ ಸಿಹಿಯೊಂದಕ್ಕೆ ಪದಾರ್ಥಗಳನ್ನು ಎಣಿಸಿ ಹಾಕಿ, ಎಣಿಸಿದ ಒಂದೊಂದಕ್ಕೂ ಒಂದೊಂದು ಅರ್ಥವನ್ನು ಹಚ್ಚುವ ಪದ್ಧತಿ ನಮ್ಮೊಬ್ಬರದೇ ಅಲ್ಲ. ಚೀನದೇಶದಲ್ಲಿ ಚಾಂದ್ರ ವರ್ಷಾರಂಭದ ಹಬ್ಬಕ್ಕೆ ಸಿದ್ಧಪಡಿಸುವ ಬಾಬಾವೋಫಾನ್, ಎಂದರೆ ಅಷ್ಟರತ್ನಗಳ ಅನ್ನ, ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಬೋಗುಣಿಯ ಒಳಮೈಗೆ ಕೊಬ್ಬು ಸವರಿ, ತಳದಲ್ಲಿ ಕೆಂಪು ಎಲಚಿ, ತಾವರೆಬೀಜ, ಲಾಂಗನ್ ಹಣ್ಣು, ಒಣದ್ರಾಕ್ಷಿ, ಅಕ್ರೋಟು, ಸಕ್ಕರೆಯಲ್ಲಿ ನೆನೆದ ಹಣ್ಣಿನ ಚೂರು ಮೊದಲಾದವನ್ನು ಚಿತ್ತಾರವಾಗಿ ಜೋಡಿಸಿ, ಮೇಲೆ ಜಿಗುಟಕ್ಕಿಯ ಅನ್ನವನ್ನೂ ನಡುವೆ ಕೆಂಪು ಕಾಳಿನ ಸಿಹಿ ಹೂರಣವನ್ನೂ ತುಂಬಿ, ಹಬೆಯಲ್ಲಿ ಬೇಯಿಸಿ, ತಟ್ಟೆಯ ಮೇಲೆ ಬೋರಲು ಹಾಕಿದರೆ ತಳದಲ್ಲಿದ್ದ ಚಿತ್ತಾರ ತಲೆಯ ಮೇಲೆ ಬರುತ್ತದೆ. ಎಂಟು ಪದಾರ್ಥಗಳಾವುವೆಂಬುದರಲ್ಲಿ ಮನೆಯಿಂದ ಮನೆಗೆ ವ್ಯತ್ಯಾಸವಿದ್ದರೂ ಎಂಟೆಂಬ ಎಣಿಕೆ ಮಾತ್ರ ಸ್ಥಿರ. ಆ ಸಂಖ್ಯೆಯ ಉಚ್ಚಾರಣೆ ಅಭ್ಯುದಯವನ್ನು ಸೂಚಿಸುವ ಶಬ್ದಕ್ಕೆ ಸಮೀಪವೆಂದು ಚೀನೀಯರು ಅದನ್ನು ಶುಭವೆಂದೆಣಿಸುತ್ತಾರೆ. ಪದಾರ್ಥಗಳ ಅರ್ಥವೂ ಬಹುಮಟ್ಟಿಗೆ ಇದೇ ಬಗೆಯ ಶ್ಲೇಷೆಯಿಂದ ಹುಟ್ಟಿದ್ದು. ಎಲಚಿಗೆ ‘ಜಾವೋ’ ಎಂದು ಹೆಸರು, ‘ಬೇಗನೆ’ ಎಂಬುದಕ್ಕೂ ಅದೇ ಧ್ವನಿ; ತಾವರೆಬೀಜವಾದ ‘ಲಿಯೆನ್‌ಜ಼’ವನ್ನು ಕಿವಿಯಿಂದ ಕೇಳಿದರೆ ‘ಒಬ್ಬರ ಹಿಂದೊಬ್ಬರು ಮಕ್ಕಳು’ ಎಂದೂ ಆಗುತ್ತದೆ; ಲಾಂಗನ್ನಿನ ಇನ್ನೊಂದು ಹೆಸರಿನಲ್ಲಿ ಶ್ರೇಷ್ಠತೆಯೂ ಪರಿಪೂರ್ಣತೆಯೂ ಧ್ವನಿಸುತ್ತವೆ. ಎಲಚಿ, ನೆಲಗಡಲೆ, ಲಾಂಗನ್, ತಾವರೆಬೀಜಗಳನ್ನು ಸಾಲಾಗಿಟ್ಟು ನವದಂಪತಿಗಳ ಮುಂದೆ ಹಿಡಿದರೆ, ಬಾಯಿ ತೆರೆಯದೆಯೇ ‘ಬೇಗನೆ ಸತ್ಪುತ್ರನನ್ನು ಹಡೆಯಿರಿ’ ಎಂದು ಹರಸಿದಂತಾಗುತ್ತದೆ. ಅಲ್ಲಿ ಹಬ್ಬದ ತಟ್ಟೆಯನ್ನು ಕಣ್ಣಿನಿಂದ ನೋಡಿದರೂ ಕಿವಿಯಿಂದ ಓದಬೇಕು.

ಎಳ್ಳುಬೆಲ್ಲದಲ್ಲಿ ಇಂಥ ಶಬ್ದಚಮತ್ಕಾರ ಒಂದೂ ಇಲ್ಲ. ಎಳ್ಳು ಎಂದರೆ ಎಳ್ಳೇ, ಬೆಲ್ಲವೆಂದರೆ ಬೆಲ್ಲವೇ. ಇದರ ಅರ್ಥವನ್ನು ಪದಾರ್ಥದ ಹೆಸರಿನಲ್ಲಿ ಹುಡುಕಹೊರಟವರು, ಎಳ್ಳು ಸ್ನೇಹದ ಸಂಕೇತ, ಬೆಲ್ಲ ಮಾಧುರ್ಯದ ಸಂಕೇತ ಎಂಬ ಒಂದೆರಡು ಸವಕಲು ವಾಕ್ಯಗಳನ್ನು ಬರೆದು ಕೈತೊಳೆದುಕೊಳ್ಳಬೇಕಾಗುತ್ತದೆ. ಪಂಚಾಂಗದ ಪಕ್ಕದ ಪುಟಗಳಲ್ಲಿ ಆಗುತ್ತಿರುವುದೂ ಅದೇ. ಈ ಸಿಹಿಯ ಅರ್ಥ ನೆಲೆಸಿರುವುದು ‘ಬೀರುವುದು’ ಎಂಬ ಕ್ರಿಯಾಪದದಲ್ಲಿ. ‘ಎಳ್ಳು ತಿನ್ನುವ ಹಬ್ಬ’ ಎಂದು ಯಾರೂ ಹೇಳುವುದಿಲ್ಲ, ‘ಎಳ್ಳು ಬೀರುವ ಹಬ್ಬ’ ಎನ್ನುತ್ತಾರೆ. ಬೀರು ಎಂದರೆ ಹರಡು, ಎರಚು, ಹಂಚು. ಬೆಳಕನ್ನು ಬೀರುವಂತೆ, ಕಂಪನ್ನು ಬೀರುವಂತೆ ಎಳ್ಳನ್ನೂ ಬೀರುತ್ತಾರೆ. ‘ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ’ ಎಂಬ ಪ್ರಸಿದ್ಧ ನುಡಿಯನ್ನು ಆಡುವವರು ಕೊಡುವವರು, ನಡೆಸಬೇಕಾದವರು ಇಬ್ಬರೂ.

ಐದರಲ್ಲಿ ಹೆಸರಿಗೆ ಮೊದಲಿಗನಾದ ಎಳ್ಳು ಭಾರತೋಪಖಂಡದಲ್ಲಿಯೇ ಕೃಷಿಗೆ ಒಗ್ಗಿದ ಅತಿ ಪ್ರಾಚೀನವಾದ ಎಣ್ಣೆಕಾಳು. ಹರಪ್ಪದ ಉತ್ಖನನದಲ್ಲಿ ಸುಟ್ಟ ಎಳ್ಳಿನ ಕಾಳುಗಳು ದೊರೆತಿವೆ. ಕಾಳಿನ ತೂಕದಲ್ಲಿ ಸರಿಸುಮಾರು ಅರ್ಧ ಎಣ್ಣೆಯೇ ಆಗಿರುವುದರಿಂದ, ‘ಎಣ್ಣೆ’ ಎಂಬ ನಮ್ಮ ಪದವೇ ‘ಎಳ್’ ಮತ್ತು ‘ನೆಯ್’ ಎಂಬೆರಡು ಮಾತುಗಳ ಕೂಟವಾಗಿ ಹುಟ್ಟಿತೆಂದು ಭಾಷಾಶಾಸ್ತ್ರಜ್ಞರು ಹೇಳುವರು; ಸಂಸ್ಕೃತದಲ್ಲಿಯೂ ‘ತಿಲ’ದಿಂದ ‘ತೈಲ’ ಬಂದಿದೆ. ಕಡಲೆಕಾಯಿಯಿಂದಲೋ ಸೂರ್ಯಕಾಂತಿಯಿಂದಲೋ ಹಿಂಡಿದ ರಸವನ್ನು ನಾವಿಂದು ಎಣ್ಣೆಯೆಂದು ಕರೆಯುವಾಗಲೆಲ್ಲ ಎಳ್ಳಿನ ಹೆಸರನ್ನೇ ಹೇಳುತ್ತಿರುತ್ತೇವೆ. ಆಯುರ್ವೇದವು ಇದನ್ನು ಸ್ನಿಗ್ಧವೆಂದೂ ಉಷ್ಣವೀರ್ಯವೆಂದೂ ವರ್ಣಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಹೊಸೂರಿನ ಪುಷ್ಯಮಾಸದ ಒಣ ಚಳಿಯಲ್ಲಿ ತುಟಿಯೊಡೆದು ಮೈ ಬಿರಿಯುವಾಗ, ಶಾಸ್ತ್ರವನ್ನು ಓದದವನಿಗೂ ಎಳ್ಳಿನ ಜಿಡ್ಡು ಬೇಕೆನಿಸುವುದು ಸಹಜ. ಸಂಕೇತವು ಬಂದದ್ದು ಆಮೇಲೆ. ಮೊದಲು ಬಂದದ್ದು ಚಳಿ.

ಆದರೆ ಎಳ್ಳಿಗೆ ಎರಡು ಮುಖಗಳುಂಟೆಂಬುದನ್ನು ಮರೆಯಲಾಗದು. ವಿಷ್ಣುವಿನ ದೇಹದಿಂದ ಉದ್ಭವಿಸಿದ್ದೆಂದು ಪುರಾಣಗಳು ಕೊಂಡಾಡುವ ಈ ಕಾಳೇ ಪಿತೃತರ್ಪಣದ ಕಾಳು, ಶನೈಶ್ಚರನ ಪ್ರೀತ್ಯರ್ಥವಾಗಿ ದಾನ ಕೊಡುವ ಕಾಳು. ಕನ್ನಡಿಗನು ಆಸೆ ಬಿಟ್ಟ ವಸ್ತುವಿಗೆ ‘ಎಳ್ಳುನೀರು ಬಿಟ್ಟೆ’ ಎನ್ನುತ್ತಾನೆ. ಶ್ರಾದ್ಧದ ಈ ನೆನಪು ಹಬ್ಬದ ತಟ್ಟೆಗೆ ತಗುಲದಿರಲೆಂದೇ ಇರಬೇಕು, ತರ್ಪಣಕ್ಕೆ ಕರಿಯೆಳ್ಳು, ಸಂಕ್ರಾಂತಿಗೆ ಸಿಪ್ಪೆ ಉಜ್ಜಿ ತೆಗೆದ ಬಿಳಿಯೆಳ್ಳು ಎಂಬ ವಿಭಾಗ ಏರ್ಪಟ್ಟಿದೆ. ಸ್ನಾನ, ಉದ್ವರ್ತನ, ಹೋಮ, ತರ್ಪಣ, ಭೋಜನ, ದಾನ ಎಂದು ಎಳ್ಳಿನ ಆರು ವಿನಿಯೋಗಗಳನ್ನು ಷಟ್ತಿಲಾ ಏಕಾದಶಿಯ ವಿಧಿಯಲ್ಲಿ ಎಣಿಸುವರಷ್ಟೆ; ಅವುಗಳಲ್ಲಿ ಕೊನೆಯ ಎರಡು, ತಿನ್ನುವುದು ಮತ್ತು ಕೊಡುವುದು, ಸಂಕ್ರಾಂತಿಯಲ್ಲಿ ಒಂದೇ ಪೊಟ್ಟಣದಲ್ಲಿ ಕೂಡಿವೆ. ಚೀನದಲ್ಲಿ ಎಳ್ಳು ಪಶ್ಚಿಮದಿಂದ ಬಂದ ಅತಿಥಿ. ಅದರ ಹಳೆಯ ಹೆಸರೊಂದರಲ್ಲಿಯೇ ಪರದೇಶದ್ದೆಂಬ ಅರ್ಥವಿದೆ. ಅಲ್ಲಿನವರು ಗಿಡವನ್ನು ನೋಡಿ, ಹೂವು ಗಿಣ್ಣಿನಿಂದ ಗಿಣ್ಣಿಗೆ ಮೇಲೇರುತ್ತ ಬಿಡುವುದನ್ನು ಗಮನಿಸಿ, ಬಾಳು ಮೆಟ್ಟಿಲು ಮೆಟ್ಟಿಲಾಗಿ ಏರುವುದಕ್ಕೆ ಅದನ್ನು ಉಪಮಾನ ಮಾಡಿಕೊಂಡರು. ನಮ್ಮವರು ಅದೇ ಗಿಡವನ್ನು ಸಾವಿರಾರು ವರ್ಷ ಬೆಳೆದರೂ ಹೂವಿನ ಈ ಏರಿಕೆಗೆ ಅಷ್ಟು ಗಮನ ಕೊಡಲಿಲ್ಲ. ಕಾಳಿನ ಗಾತ್ರವನ್ನು ಹಿಡಿದುಕೊಂಡು ‘ಎಳ್ಳಷ್ಟೂ ಇಲ್ಲ’ ಎಂಬ ಮಾತನ್ನು ಮಾಡಿಕೊಂಡರು.

ಬೆಲ್ಲದ ವಿಷಯ ಸರಳ. ಧನುರ್ಮಾಸದಲ್ಲಿ ಆಲೆಮನೆಗಳು ಕೆಲಸಕ್ಕೆ ನಿಂತು ಹೊಸ ಬೆಲ್ಲ ಸಂತೆಗೆ ಬರುವ ಕಾಲವೇ ಸಂಕ್ರಾಂತಿಯ ಕಾಲ. ಆದರೆ ಎಳ್ಳುಬೆಲ್ಲದ ತಟ್ಟೆಯಲ್ಲಿ ಬೆಲ್ಲದ ಸಂಗಡ ಕೂತಿರುವ, ಪಾಕವನ್ನು ಎರಕ ಹೊಯ್ದು ಮಾಡಿದ ಸಕ್ಕರೆ ಅಚ್ಚಿನ ವಿಷಯ ಅಷ್ಟು ಸರಳವಲ್ಲ. ಕಬ್ಬಿನ ರಸವನ್ನು ಹರಳುಗಟ್ಟಿಸುವ ವಿದ್ಯೆ ಭಾರತದ್ದು. ತಾಂಗ್ ವಂಶದ ಚಕ್ರವರ್ತಿ ತೈಜ಼ಾಂಗನು ಕ್ರಿ.ಶ. 647ರಲ್ಲಿ ಈ ವಿದ್ಯೆಯನ್ನು ಕಲಿತುಬರಲೆಂದು ಮಗಧಕ್ಕೆ ದೂತರನ್ನು ಅಟ್ಟಿದನೆಂದು ಚೀನದ ರಾಜವಂಶ ಚರಿತ್ರೆಯೇ ಹೇಳುತ್ತದೆ. ಕಲಿತ ಶಿಷ್ಯನು ಕಾಲಾಂತರದಲ್ಲಿ ಗುರುವಿಗೆ ತಿರುಗಿ ಕಲಿಸಿದನೋ ಎಂಬಂತೆ, ಉತ್ತರ ಭಾರತದಲ್ಲಿ ಬಿಳಿಯ ಸಕ್ಕರೆಗೆ ‘ಚೀನಿ’ ಎಂಬ ಹೆಸರೇ ನಿಂತುಹೋಗಿದೆ. ಮೈಸೂರು ಸೀಮೆಯಲ್ಲಿ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಏರ್ಪಟ್ಟು ರೈತರ ಬೆಲ್ಲವನ್ನು ಶುದ್ಧಿಮಾಡುತ್ತಿತ್ತು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಪ್ರಾರಂಭವಾದದ್ದು 1933ರಲ್ಲಿ. ಇದನ್ನು ನೆನೆದರೆ, ಸಾಮಾನ್ಯ ಗೃಹಸ್ಥರ ಮನೆಯಲ್ಲಿ ಡಜನ್ನುಗಟ್ಟಲೆ ಸಕ್ಕರೆ ಅಚ್ಚುಗಳನ್ನು ಎರೆದು ಊರಿಗೆಲ್ಲ ಹಂಚುವ ಔದಾರ್ಯಕ್ಕೆ ಹೆಚ್ಚು ವಯಸ್ಸಾಗಿರಲಾರದೆಂದು ಊಹಿಸಬಹುದು.

ಅಚ್ಚನ್ನು ಎರೆಯುವುದು ಈ ಹಬ್ಬದ ಕೆಲಸಗಳಲ್ಲಿ ನಿಜವಾಗಿ ಕೈಚಳಕವನ್ನು ಬೇಡುವ ಕೆಲಸ. ಎರಡು ಹೋಳಾಗಿ ಬಿಚ್ಚಿಕೊಳ್ಳುವ ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ, ಹೋಳುಗಳನ್ನು ಜೋಡಿಸಿ ದಾರದಿಂದಲೋ ರಬ್ಬರ್ ಬ್ಯಾಂಡಿನಿಂದಲೋ ಬಿಗಿದಿಡಬೇಕು. ಸಕ್ಕರೆಗೆ ನೀರು ಹಾಕಿ ಕಾಯಿಸಿ, ಹಾಲು ಚಿಮುಕಿಸಿದರೆ ಕಶ್ಮಲವೆಲ್ಲ ನೊರೆಯಾಗಿ ಮೇಲೇಳುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ, ತಿಳಿಯಾದ ಪಾಕವನ್ನು ಸ್ವಲ್ಪಸ್ವಲ್ಪವಾಗಿ ಚಿಕ್ಕ ಪಾತ್ರೆಯಲ್ಲಿ ಮತ್ತೆ ಕಾಯಿಸುತ್ತ, ಬಿಡದೆ ತಿರುವುತ್ತಿದ್ದರೆ, ಗಾಜಿನಂತಿದ್ದದ್ದು ಒಂದು ಕ್ಷಣದಲ್ಲಿ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಕ್ಷಣವನ್ನು ಗುರುತಿಸಿ ಅಚ್ಚಿನ ತಳದ ತೂತಿನೊಳಕ್ಕೆ ಹೊಯ್ಯಬೇಕು. ಮೊದಲೇ ಹೊಯ್ದರೆ ಅಂಟುತ್ತದೆ, ತಡವಾದರೆ ಪಾತ್ರೆಯಲ್ಲಿಯೇ ಕಲ್ಲಾಗುತ್ತದೆ. ನುರಿತ ಕೈಯವರನ್ನು ನೆರೆಹೊರೆಯವರು ಈ ಒಂದು ದಿನಕ್ಕಾಗಿ ವರ್ಷವೆಲ್ಲ ಮರ್ಯಾದೆಯಿಂದ ಕಾಣುತ್ತಿದ್ದರೆಂದರೆ ಆಶ್ಚರ್ಯವಿಲ್ಲ. ಕಳಸ, ತುಳಸಿಯ ಬೃಂದಾವನ, ಗೋಪುರ, ಹಸು, ಕುದುರೆ, ಗಿಳಿ, ಮೀನು ಎಂದು ಅಚ್ಚಿನ ಆಕೃತಿಗಳು ಬಗೆಬಗೆಯವು. ಇವುಗಳಿಗೆ ಬಿಡಿಬಿಡಿಯಾಗಿ ತಾತ್ತ್ವಿಕ ಅರ್ಥ ಹಚ್ಚುವುದು ವ್ಯರ್ಥವೆಂದು ಈ ಲೇಖಕನ ಮತ. ಮರ ಕೆತ್ತುವವನಿಗೆ ಕೆತ್ತಲು ಬಂದದ್ದನ್ನು ಕೆತ್ತಿದನು, ಮಕ್ಕಳು ಕುದುರೆಯ ತಲೆಯನ್ನು ಮೊದಲು ಕಚ್ಚಿದರು.

ಈಗ ಕಡಲೆಕಾಯಿ. ಐದು ಪದಾರ್ಥಗಳಲ್ಲಿ ತೀರ ಈಚಿನದು ಇದೇ. ನೆಲಗಡಲೆಯ ತವರು ದಕ್ಷಿಣ ಅಮೆರಿಕ. ಕೊಲಂಬಸನ ಕಾಲಕ್ಕೆ ಮುಂಚೆ ಏಷ್ಯದ ಯಾವ ಹಬ್ಬದ ತಟ್ಟೆಯಲ್ಲಿಯೂ ಇದು ಇದ್ದಿರಲಾರದು. ಆದುದರಿಂದ ಎಳ್ಳುಬೆಲ್ಲದ ಪಂಚದ್ರವ್ಯಗಳು ವೇದಕಾಲದಿಂದ ಹೀಗೆಯೇ ಬಂದುವೆಂದು ಹೇಳುವವರು ಕಡಲೆಕಾಯಿಯ ಮುಂದೆ ಬಂದು ಸ್ವಲ್ಪ ತಡವರಿಸಬೇಕಾದೀತು. ಬಂದ ಅತಿಥಿಗೆ ಊರುಗಳು ಇಟ್ಟ ಹೆಸರುಗಳು ಮಾತ್ರ ಬಹು ಸ್ವಾರಸ್ಯವಾದವು. ಕನ್ನಡಿಗನು ಕಾಯಿಯೊಳಗಿನ ಕಡಲೆಯೆಂದು ಕಡಲೆಕಾಯಿ ಎಂದನು, ಉತ್ತರದ ಕನ್ನಡಿಗನಿಗೆ ಅದು ಶೇಂಗಾ, ತಮಿಳರು ಬೇರಿನ ಕಡಲೆಯೆಂದು ವೇರ್ಕಡಲೈ ಎಂದೂ, ಬಂದ ದಾರಿಯನ್ನು ನೆನೆದು ಮಣಿಲಾಕೊಟ್ಟೈ, ಎಂದರೆ ಮನಿಲಾದ ಬೀಜ, ಎಂದೂ ಕರೆದರು, ತೆಲುಗಿನಲ್ಲಿ ವೇರುಶೆನಗ. ಹೊಸೂರಿನ ಸಂತೆಯಲ್ಲಿ ಒಂದೇ ರಾಶಿಯ ಮುಂದೆ ನಿಂತು ಈ ಹೆಸರುಗಳಲ್ಲಿ ಯಾವುದನ್ನು ಹೇಳಿದರೂ ಅಂಗಡಿಯವನು ಸೇರು ತುಂಬಿ ಕೊಡುತ್ತಾನೆ. ಚೀನೀಯರು ಇನ್ನೂ ಸೂಕ್ಷ್ಮವಾಗಿ ನೋಡಿದರು: ಹೂವು ಬಾಡಿದ ಮೇಲೆ ಅದರ ತೊಟ್ಟು ನೆಲಕ್ಕಿಳಿದು ಮಣ್ಣಿನೊಳಗೆ ಕಾಯಿ ಕಟ್ಟುವುದನ್ನು ಕಂಡು ‘ಉದುರಿದ ಹೂವಿನಿಂದ ಹುಟ್ಟಿದ್ದು’ ಎಂದು ಹೆಸರಿಟ್ಟು, ಆ ಹೆಸರಿನಲ್ಲಿನ ಹುಟ್ಟನ್ನು ಹಿಡಿದು ಸಂತಾನದ ಹಾರೈಕೆಯಲ್ಲಿ ಸೇರಿಸಿಕೊಂಡರು. ಹೀಗೆ ಒಂದೇ ಅಮೆರಿಕದ ಕಾಳು ಎರಡು ಪುರಾತನ ದೇಶಗಳ ಸನಾತನ ಸಂಪ್ರದಾಯದಲ್ಲಿ ಸದ್ದಿಲ್ಲದೆ ಸ್ಥಾನ ಸಂಪಾದಿಸಿತು. ಕೃಷ್ಣಗಿರಿ ಸೀಮೆಯ ಮಳೆಯಾಧಾರದ ಕೆಂಪುನೆಲ ಇದಕ್ಕೆ ಒಗ್ಗಿದ ನೆಲ. ಕಾರ್ತಿಕದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಕೂಡುವ ಹೊತ್ತಿಗೆ ಹೊಸ ಬೆಳೆ ಮನೆಗೆ ಬಂದಿರುತ್ತದೆ, ಅಲ್ಲಿಂದ ಸಂಕ್ರಾಂತಿಗೆ ಹೆಚ್ಚು ದಿನವಿಲ್ಲ.

ಕೊಬ್ಬರಿಯ ಹಿಂಬದಿಯ ಕಂದು ಸಿಪ್ಪೆಯನ್ನು ಹೆರೆದು ಬಿಳಿಯ ಭಾಗವನ್ನಷ್ಟೇ ಉಳಿಸಿಕೊಳ್ಳುವುದುಂಟು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತಿಪಟೂರು ಕಡೆಯ ಉಂಡೆ ಕೊಬ್ಬರಿ ಇದಕ್ಕೆ ಶ್ರೇಷ್ಠ. ಹುರಿಗಡಲೆಯೆಂಬುದು ಕಾದ ಮರಳಿನಲ್ಲಿ ಹುರಿದು ಸಿಪ್ಪೆ ಬಿಡಿಸಿದ ಕಡಲೆ. ಐವರಲ್ಲಿ ಇದೇ ಬಡಪಾಯಿ, ಮಕ್ಕಳು ಮೊದಲು ಬೆಲ್ಲವನ್ನೂ ಅನಂತರ ಕೊಬ್ಬರಿಯನ್ನೂ ಆಯ್ದು ತಿಂದ ಮೇಲೆ ಡಬ್ಬಿಯ ತಳದಲ್ಲಿ ಉಳಿಯತಕ್ಕದ್ದು.

ತಟ್ಟೆಯಲ್ಲಿ ಸೇರದೆಯೂ ಹಬ್ಬದಲ್ಲಿ ಸೇರಿರುವ ಇನ್ನೊಂದು ಫಲವನ್ನು ಇಲ್ಲಿ ಹೇಳಬೇಕು, ಅದು ಎಲಚಿ. ಚೀನದ ಎಲಚಿಯೂ ನಮ್ಮ ಎಲಚಿಯೂ ಒಂದೇ ಕುಲದ ಎರಡು ಜಾತಿಗಳು. ಅಲ್ಲಿಯದು ಒಣಗಿಸಿ ಸಕ್ಕರೆಯಂತೆ ಸವಿಯುವ ಕೆಂಪು ಹಣ್ಣು, ಇಲ್ಲಿಯದು ಬೇಲಿಯ ಮುಳ್ಳಿನ ನಡುವೆ ಹಣ್ಣಾಗುವ ಹುಳಿಸಿಹಿಯ ಪುಟ್ಟ ಹಣ್ಣು. ಸಂಕ್ರಾಂತಿಯ ಸಂಜೆ ಚಿಕ್ಕ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸುಗಳನ್ನು ಕೂಡಿಸಿ ಅವರ ತಲೆಯ ಮೇಲಿಂದ ಎರೆದು, ದೃಷ್ಟಿ ಪರಿಹಾರವಾಯಿತೆಂದು ಆರತಿ ಬೆಳಗುತ್ತಾರೆ. ತೆಲುಗು ಮನೆಗಳಲ್ಲಿ ಇದೇ ವಿಧಿ ಹಿಂದಿನ ದಿನ ಭೋಗಿಯಂದು ನಡೆಯುತ್ತದೆ, ಹೆಸರು ಭೋಗಿಪಳ್ಳು; ಎಲಚಿಗೆ ಅರ್ಕಫಲವೆಂಬ ಹೆಸರನ್ನು ಹೇಳಿ, ಅದರ ಸ್ಪರ್ಶದಿಂದ ಸೂರ್ಯನ ಅನುಗ್ರಹ ಮಗುವಿಗೆ ದೊರೆಯುವುದೆಂದು ವಿವರಿಸುವರು. ಗಡಿಯ ಊರುಗಳಲ್ಲಿ ತೆಲುಗರ ಮಗು ಒಂದು ದಿನ ಮುಂಚೆ ಹಣ್ಣು ಹೊಯ್ಯಿಸಿಕೊಳ್ಳುವುದೂ ಕನ್ನಡದ ಮಗು ಒಂದು ದಿನ ತಡವಾಗಿ ಹೊಯ್ಯಿಸಿಕೊಳ್ಳುವುದೂ, ಉರುಳಿದ ಕಾಸುಗಳನ್ನು ಆಯುವುದಕ್ಕೆ ಎರಡು ಕಡೆಯೂ ಒಂದೇ ಮಕ್ಕಳ ಗುಂಪು ಹಾಜರಿರುವುದೂ ಸಹಜವೇ.

ಎಳ್ಳುಬೆಲ್ಲದ ಸಿದ್ಧತೆ ಹಬ್ಬಕ್ಕೆ ವಾರ ಹತ್ತು ದಿನ ಮೊದಲೇ ತೊಡಗುತ್ತದೆ. ನೆನೆಸಿದ ಎಳ್ಳನ್ನು ಗೋಣಿತಟ್ಟಿನ ಮೇಲೆ ಉಜ್ಜಿ, ತೊಳೆದು, ಒಣಗಿಸಿ, ಕೇರಿ, ಹದವಾಗಿ ಹುರಿಯುವುದು. ಬೆಲ್ಲವನ್ನು ಚಾಕುವಿನಿಂದಲೋ ಅಡಕೊತ್ತಿನಿಂದಲೋ ತುಂಡರಿಸಿ, ತೆಳುವಾದ ಬಟ್ಟೆಯ ಮರೆಯಲ್ಲಿ ಬಿಸಿಲಿಗಿಟ್ಟು ಮೇಲ್ಮೈಯ ಜಿನುಗನ್ನು ಆರಿಸುವುದು. ಕಡಲೆಕಾಯಿಬೀಜವನ್ನು ಹುರಿದು, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಬೇಳೆಯಾಗಿ ಒಡೆಯುವುದು. ಐದರಲ್ಲಿ ಯಾವುದೊಂದರಲ್ಲಿಯೂ ತೇವ ಉಳಿಯಬಾರದು. ಉಳಿದರೆ ಬೆಲ್ಲ ಕರಗಿ, ಎಲ್ಲವೂ ಒಂದು ಮುದ್ದೆಯಾಗಿ, ತಿಂಗಳಿರಬೇಕಾದದ್ದು ಮೂರು ದಿನಕ್ಕೆ ಕೆಡುತ್ತದೆ. ಹೆಸರಿನಲ್ಲಿ ಎಳ್ಳು ಮುಂದಿದ್ದರೂ ಪ್ರಮಾಣದಲ್ಲಿ ಅದೇ ಹಿಂದೆ. ಅತಿಯಾದರೆ ಮೈಗೆ ಉಷ್ಣ, ಬಾಯಿಗೆ ಕಹಿ. ಈಗ ಹೊಸೂರು, ಬೆಂಗಳೂರುಗಳ ಅಂಗಡಿಗಳಲ್ಲಿ ಐದನ್ನೂ ಬೆರೆಸಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರುತ್ತಾರೆ, ಕಾರ್ಖಾನೆಯ ಪಾಳಿ ಮುಗಿಸಿ ಬರುವವರಿಗೆ ಅದೇ ಅನುಕೂಲ. ಯಂತ್ರದಲ್ಲಿ ಕತ್ತರಿಸಿದ ಬೆಲ್ಲದ ಚೌಕಗಳು ಒಂದನ್ನೊಂದು ಹೋಲುವಷ್ಟು ಸಮನಾಗಿರುವುದನ್ನು ಕಂಡು ಮನೆಯ ಹಿರಿಯರು ಮೂಗು ಮುರಿಯುವುದೂ ಉಂಟು.

ಬೀರುವ ವಿಧಾನ ಹೀಗೆ. ಸಂಜೆ ಹೆಣ್ಣುಮಕ್ಕಳು ಲಂಗ, ಸೀರೆಗಳನ್ನುಟ್ಟು, ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು, ಎಲೆಯಡಿಕೆ, ಅರಿಸಿನ ಕುಂಕುಮಗಳನ್ನಿಟ್ಟು ಮನೆಮನೆಗೆ ಹೋಗುತ್ತಾರೆ. ಪಡೆದ ಮನೆಯವರು ಬರಿದಾದ ತಟ್ಟೆಯನ್ನು ಹಾಗೆಯೇ ಕಳುಹಿಸುವಂತಿಲ್ಲ, ತಮ್ಮ ಎಳ್ಳನ್ನು ಅದರಲ್ಲಿ ಇಟ್ಟೇ ಕಳುಹಿಸಬೇಕು; ಆದುದರಿಂದ ಹೊತ್ತು ಮುಳುಗುವ ವೇಳೆಗೆ ಪ್ರತಿಯೊಂದು ಮನೆಯಲ್ಲಿಯೂ ಸ್ವಂತದ್ದಕ್ಕಿಂತ ಪರರ ಎಳ್ಳುಬೆಲ್ಲವೇ ಅಧಿಕವಾಗಿರುತ್ತದೆ. ಲೆಕ್ಕ ಹಾಕುವವನಿಗೆ ಇದು ಲಾಭನಷ್ಟವಿಲ್ಲದ ವ್ಯಾಪಾರವೆಂದು ತೋರೀತು. ಆದರೆ ವರ್ಷದಲ್ಲಿ ಮಾತು ಬಿಟ್ಟ ಮನೆಗೂ ಈ ದಿನ ತಟ್ಟೆ ಹೋಗಬೇಕೆಂಬ ವಾಡಿಕೆಯಿದೆಯಷ್ಟೆ, ಲೆಕ್ಕದಲ್ಲಿ ಸಿಕ್ಕದ ಅಂಶ ಅದೇ. ಮದುವೆಯಾದ ಹೊಸತರಲ್ಲಿ ಹೆಣ್ಣುಮಗಳು ಐದು ವರ್ಷಗಳ ಕಾಲ ಎಳ್ಳಿನ ಜೊತೆಗೆ ಬಾಳೆಹಣ್ಣುಗಳನ್ನು ಬೀರುವ ಪದ್ಧತಿಯೊಂದು ಕೆಲವು ಮನೆತನಗಳಲ್ಲಿ ಇದೆ. ಮೊದಲ ವರ್ಷ ಐದು, ಎರಡನೆಯ ವರ್ಷ ಹತ್ತು ಎಂಬಂತೆ ಐದೈದಾಗಿ ಏರುತ್ತ ಹೋಗುತ್ತದೆ. ಚೀನೀಯನಿಗೆ ಎಂಟು ಹೇಗೋ ಕನ್ನಡದ ಮಂಗಲಕಾರ್ಯಗಳಿಗೆ ಐದು ಹಾಗೆ: ಪಂಚಾಮೃತ, ಐವರು ಮುತ್ತೈದೆಯರು, ಮಡಿಲಕ್ಕಿಯ ಐದು ಹಿಡಿ. ಎಂಟಕ್ಕೆ ಅಲ್ಲಿ ಧ್ವನಿಯ ಆಧಾರವಿದೆ. ಐದಕ್ಕೆ ಇಲ್ಲಿ ಕೈಬೆರಳುಗಳ ಆಧಾರ ಸಾಲದೆ? ಈ ಪ್ರಸಂಗದಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಅರಿಸಿನ ಕುಂಕುಮದ ನೆವದಿಂದ ವಿಧವೆಯರನ್ನು ಈ ತಟ್ಟೆಯಿಂದ ದೂರವಿಟ್ಟ ಕಾಲವೂ ಮನೆಗಳೂ ಇದ್ದುವು. ಎಳ್ಳನ್ನು ಉಜ್ಜುವುದಕ್ಕೆ, ಬೆಲ್ಲವನ್ನು ಕತ್ತರಿಸುವುದಕ್ಕೆ ಬೇಕಾದ ಅದೇ ಕೈಗಳು ಕೊಡುವುದಕ್ಕೆ ಬೇಡವಾದುವೆಂಬುದು ಈ ಆಚಾರಕ್ಕೆ ಅಂಟಿದ ಕಳಂಕ.

ಅದೇ ದಿನ ಅದೇ ಊರಿನ ತಮಿಳರ ಮನೆಗಳಲ್ಲಿ ನಡೆಯುವ ಪೊಂಗಲಿನ ಅರ್ಥ ಬೇರೊಂದು ಕ್ರಿಯಾಪದದಲ್ಲಿದೆ. ಪೊಂಗು ಎಂದರೆ ಉಕ್ಕು. ಹೊಸ ಮಡಕೆಯ ಕೊರಳಿಗೆ ಅರಿಸಿನದ ಗಿಡವನ್ನು ಕಟ್ಟಿ, ಹಾಲು ಉಕ್ಕಿ ಹರಿದ ಕ್ಷಣದಲ್ಲಿ ‘ಪೊಂಗಲೋ ಪೊಂಗಲ್’ ಎಂದು ಕೂಗಿ, ಹೊಸ ಅಕ್ಕಿ, ಹೆಸರುಬೇಳೆ, ಬೆಲ್ಲ, ತುಪ್ಪ, ಗೋಡಂಬಿ, ದ್ರಾಕ್ಷಿ, ಏಲಕ್ಕಿಗಳಿಂದ ಸಿಹಿಯನ್ನು ಮಾಡುವರು. ಉಡುಗೊರೆಯ ದಿಕ್ಕೂ ಬೇರೆ. ಅಲ್ಲಿ ತವರಿನಿಂದ ಮದುವೆಯಾದ ಹೆಣ್ಣುಮಗಳ ಮನೆಗೆ ಪೊಂಗಲಿನ ಸೀರು, ಅಕ್ಕಿ ಬೆಲ್ಲ ಕಬ್ಬುಗಳ ಸಮೇತ, ಹೋಗುತ್ತದೆ. ಪದಾರ್ಥಗಳ ಈ ಸಂಕೇತವನ್ನು ಸರಕಾರವೇ ವಹಿಸಿಕೊಂಡಿರುವುದು ತಮಿಳುನಾಡಿನ ವಿಶೇಷ. ಪಡಿತರದ ಅಂಗಡಿಗಳ ಮೂಲಕ 2022ರಲ್ಲಿ 21 ವಸ್ತುಗಳ ಚೀಲವನ್ನೂ, 2023ರಲ್ಲಿ ಒಂದು ಕಿಲೋ ಅಕ್ಕಿ, ಒಂದು ಕಿಲೋ ಸಕ್ಕರೆ, ಒಂದು ನಿಡಿದಾದ ಕಬ್ಬು ಮತ್ತು 1000 ರೂಪಾಯಿಗಳನ್ನೂ ಕಾರ್ಡುದಾರರಿಗೆ ಕೊಡಲಾಯಿತು. ಹೊಸೂರು ಸೀಮೆಯಲ್ಲಿ ಕಾರ್ಡು ಪಡೆದ ಕನ್ನಡ ಮನೆಗೂ ಆ ಕಬ್ಬು ಬರುತ್ತದೆ, ಕತ್ತರಿಸಿದ ಗಿಣ್ಣುಗಳು ಎಳ್ಳಿನ ತಟ್ಟೆಗೇ ಸಲ್ಲುತ್ತವೆ. ಮಾರನೆಯ ದಿನ ತಮಿಳರಿಗೆ ದನಗಳ ಹಬ್ಬವಾದ ಮಾಟ್ಟುಪ್ಪೊಂಗಲ್. ಕನ್ನಡದ ಹಳ್ಳಿಗಳಲ್ಲಿ ಸಂಕ್ರಾಂತಿಯ ಸಂಜೆಯೇ ದನಗಳನ್ನು ಸಿಂಗರಿಸಿ ಕಿಚ್ಚು ಹಾಯಿಸುತ್ತಾರೆ. ಕೃಷ್ಣಗಿರಿ ಜಿಲ್ಲೆಯಲ್ಲಿ ಈ ತಿಂಗಳುಗಳಲ್ಲಿ ಎತ್ತುಗಳನ್ನು ಓಡಿಸುವ ಉತ್ಸವಗಳೂ ನಡೆಯುತ್ತವೆ.

ಚೀನದ ಹಬ್ಬದ ಸಿಹಿಗೂ ನಮ್ಮ ನಾಡಿಗೂ ಪದಾರ್ಥಗಳನ್ನು ಎಣಿಸುವ ಹೋಲಿಕೆಗಿಂತ ಹತ್ತಿರದ ಇನ್ನೊಂದು ಬಾಂಧವ್ಯವೂ ಉಂಟು. ಚೀನದಲ್ಲಿ ವರ್ಷಾರಂಭಕ್ಕೆ ಮುಂಚೆ, ಹನ್ನೆರಡನೆಯ ಮಾಸದ ಎಂಟನೆಯ ದಿನ, ಅಕ್ಕಿ, ಕಾಳು, ಎಲಚಿ, ಬೀಜಗಳನ್ನು ಕೂಡಿಸಿ ಲಾಬಾ ಎಂಬ ಗಂಜಿಯನ್ನು ಬೇಯಿಸಿ ವಿಹಾರಗಳಲ್ಲಿಯೂ ಮನೆಗಳಲ್ಲಿಯೂ ಹಂಚುತ್ತಾರೆ. ಅದು ಬುದ್ಧನಿಗೆ ಬೋಧಿಯುಂಟಾದ ದಿನವೆಂದೂ, ಉಪವಾಸದಿಂದ ಕೃಶನಾಗಿದ್ದ ಅವನಿಗೆ ಸುಜಾತೆಯು ನೀಡಿದ ಕ್ಷೀರಾನ್ನದ ಸ್ಮರಣೆಯೇ ಆ ಗಂಜಿಯೆಂದೂ ಅಲ್ಲಿನ ನಂಬಿಕೆ. ಅಷ್ಟರತ್ನಗಳ ಅನ್ನಕ್ಕೂ ಈ ಗಂಜಿಗೂ ಪದಾರ್ಥಗಳು ಬಹುಮಟ್ಟಿಗೆ ಒಂದೇ. ಗಯೆಯ ಬಳಿ ಒಬ್ಬ ಹೆಣ್ಣುಮಗಳು ಅಪರಿಚಿತ ಸಂನ್ಯಾಸಿಯೊಬ್ಬನ ಮುಂದೆ ಹಿಡಿದ ಪಾಯಸದ ಬಟ್ಟಲು ಎಷ್ಟು ದೂರ ನಡೆಯಿತೆಂಬುದು ಇದರಿಂದ ತಿಳಿಯುತ್ತದೆ.

ಕನ್ನಡನಾಡಿನ ಬೇರೆ ಭಾಗಗಳಲ್ಲಿ ಎಳ್ಳು ಬೇರೆ ರೂಪವನ್ನು ತಾಳುತ್ತದೆ. ಉತ್ತರದಲ್ಲಿ ಭೋಗಿಯಂದು ಎಳ್ಳು ಹಚ್ಚಿ ತಟ್ಟಿದ ಸಜ್ಜೆಯ ರೊಟ್ಟಿಯೂ, ಎಳ್ಳಿನ ಕಾಳೊಂದೊಂದರ ಸುತ್ತ ಸಕ್ಕರೆಯ ಪಾಕ ಮುಳ್ಳುಮುಳ್ಳಾಗಿ ಹೆಪ್ಪುಗಟ್ಟಿದ ಕುಸುರೆಳ್ಳೂ ಪ್ರಧಾನ. ಮಹಾರಾಷ್ಟ್ರದ ತಿಳಗೂಳದ ಸಂಗಡ ಕೇಳಿಬರುವ ಹಿತನುಡಿಯೂ ನಮ್ಮ ಗಾದೆಯ ಮರಾಠಿ ಸಹೋದರಿಯೇ. ಹಬ್ಬದ ದಿನವನ್ನು ಕುರಿತು ಒಂದು ಟಿಪ್ಪಣಿ: ಸಂಕ್ರಾಂತಿಯನ್ನು ಉತ್ತರಾಯಣದ ಆರಂಭವೆಂದು ಆಚರಿಸಿದರೂ ಸೂರ್ಯನು ನಿಜವಾಗಿ ಉತ್ತರಾಭಿಮುಖನಾಗುವುದು ಡಿಸೆಂಬರ್ 21 ಅಥವಾ 22ರಂದು, ಅಯನಚಲನದ ದೆಸೆಯಿಂದ ಸುಮಾರು 72 ವರ್ಷಕ್ಕೊಂದು ದಿನದಂತೆ ನಿರಯನ ಸಂಕ್ರಾಂತಿ ಹಿಂದೆ ಬೀಳುತ್ತ ಬಂದು ಈಗ ಮೂರು ವಾರಕ್ಕೂ ಮಿಕ್ಕಿದ ಅಂತರವಾಗಿದೆ. ಚೀನೀಯರ ವರ್ಷಾರಂಭವು ಡಿಸೆಂಬರಿನ ಆ ಅಯನದ ನಂತರದ, ಸಾಮಾನ್ಯವಾಗಿ ಎರಡನೆಯ, ಅಮಾವಾಸ್ಯೆಯನ್ನು ಹಿಡಿದು ಜನವರಿ 21ರಿಂದ ಫೆಬ್ರವರಿ 20ರೊಳಗೆ ಬರುತ್ತದೆ.

ಸಂಕ್ರಾಂತಿಯ ದಿನ ಊರಿನಲ್ಲಿಲ್ಲದವರಿಗೆ, ಸೂತಕ ಮುಂತಾದ ಕಾರಣಗಳಿಂದ ಬೀರಲಾಗದವರಿಗೆ ರಥಸಪ್ತಮಿಯವರೆಗೂ ಅವಕಾಶವುಂಟು. ಅಷ್ಟು ಹೊತ್ತಿಗೆ ಎಳ್ಳು ಬೆಲ್ಲದ ಚೌಕಗಳಿಗೆ ಅಂಟಿಕೊಂಡಿರುತ್ತದೆ, ಸಕ್ಕರೆಯ ಗೋಪುರದ ಶಿಖರ ಮುರಿದಿರುತ್ತದೆ; ತಟ್ಟೆಯನ್ನು ಹಿಡಿದು ಬಂದವರು ‘ತಡವಾಯಿತು, ತಪ್ಪು ತಿಳಿಯಬೇಡಿ’ ಎಂದು ಹೊಸಲಿನಲ್ಲಿ ನಿಂತೇ ಹೇಳುತ್ತಾರೆ, ಒಳಗಿನವರು ಮಣೆ ಹಾಕುತ್ತಾರೆ.